ಬುಧವಾರದ ತುರೋನ್ ಮತ್ತು ಏಳು ವಿಮಾನಗಳು

ಬಂಗ್ಕಾಲ್ ವಿಮಾನ ನಿಲ್ದಾಣದಲ್ಲಿ ಗೋಪುರವಿಲ್ಲ. ಆಕಾಶದಲ್ಲಿ ಯಾರು ಮುಂದೆ, ಯಾರು ಹಿಂದೆ ಎಂದು ಹೇಳುವ ಅಧಿಕಾರಿಯೂ ಇಲ್ಲ. ಇರುವುದು ಒಂದು ರನ್‌ವೇ, ಪಕ್ಕದಲ್ಲಿ ತಗಡಿನ ಎರಡು ಹ್ಯಾಂಗರು, ಹಾರಾಟ ಕಲಿಸುವ ಒಂದು ಶಾಲೆ, ಒಂಬತ್ತು ಪುಟ್ಟ ವಿಮಾನಗಳು, ಮತ್ತು ಆಲಿಂಗ್ ಇಸ್ಯಾಂಗ್, ಅಂದರೆ ಇಸ್ಯಾಂಗಮ್ಮನ ತಿಂಡಿ ಅಂಗಡಿ. ಇವುಗಳಲ್ಲಿ ಯಾವುದು ಇಲ್ಲದಿದ್ದರೆ ನಿಲ್ದಾಣ ನಡೆಯುವುದಿಲ್ಲ ಎಂದು ಯಾರನ್ನಾದರೂ ಕೇಳಿ ನೋಡಿ. ರನ್‌ವೇ ಎನ್ನುವವರು ಹೊಸಬರು.

ಇಸ್ಯಾಂಗಳಿಗೆ ಈಗ ಐವತ್ತೆಂಟು. ಗಿಡ್ಡ ದೇಹ, ದೊಡ್ಡ ಬಾಯಿ, ಎಣ್ಣೆಯ ಬಾಣಲೆಯ ಮುಂದೆ ನಿಂತು ನಿಂತು ಸದಾ ಹೊಳೆಯುವ ಮುಖ. ಜೀವಮಾನವಿಡೀ ವಿಮಾನಗಳ ನಡುವೆ ಬಾಳಿದವಳು ಒಮ್ಮೆಯೂ ವಿಮಾನ ಹತ್ತಿಲ್ಲ. "ಮೇಜಿನ ಮೇಲೆ ಹತ್ತಿ ಬಲ್ಬ್ ಹಾಕೋಕೇ ನಂಗೆ ತಲೆ ಸುತ್ತತ್ತೆ, ಇನ್ನು ಆ ಡಬ್ಬದೊಳಗೆ ಕೂತ್ಕೊಳ್ಳೋದಾ?" ಎನ್ನುವಳು. ಆದರೆ ಯಾವ ಡಬ್ಬ ಯಾವುದು ಎಂದು ಕಣ್ಣು ಮುಚ್ಚಿ ಹೇಳಬಲ್ಲಳು. ಅವಳು ಹುಡುಗಿಯಾಗಿದ್ದಾಗ ಈ ರನ್‌ವೇಗೆ ದಿನಕ್ಕೆ ಒಂದು ವಿಮಾನ ಬಂದರೆ ಹೆಚ್ಚು. ಉಳಿದ ಹೊತ್ತು ಊರಿನವರು ಅದರ ಮೇಲೆ ಭತ್ತ ಹರವಿ ಒಣಗಿಸುತ್ತಿದ್ದರು. ಇಂಜಿನ್ ಸದ್ದು ಕೇಳಿದೊಡನೆ ಕೂಗಿ, ಭತ್ತ ಬಳಿದು ದಾರಿ ಬಿಡಿಸುವುದು ಇಸ್ಯಾಂಗಳ ಕೆಲಸ. ಸದ್ದು ಗುರುತಿಸಲು ತಡವಾದರೆ ಒಂದು ಚೀಲ ಭತ್ತ ಗಾಳಿಗೆ ಹೋಗುತ್ತಿತ್ತು, ಬೆನ್ನಿಗೆ ಅಪ್ಪನ ಏಟು ಬೀಳುತ್ತಿತ್ತು. ಹಾಗಾಗಿ ಅವಳ ಕಿವಿ ಬಹಳ ಬೇಗ ಪಳಗಿತು.

ಅವಳು ಮದುವೆಯಾದದ್ದು ಇಲ್ಲಿಯ ಮೆಕ್ಯಾನಿಕ್ ಸಿದ್ರೋನನ್ನು. ಸಿದ್ರೋ ಕಡಿಮೆ ಮಾತಿನ ಮನುಷ್ಯ. ಇಬ್ಬರ ಪಾಲಿನದನ್ನೂ ಇಸ್ಯಾಂಗಳೇ ಆಡಿ ಮುಗಿಸುತ್ತಿದ್ದುದರಿಂದ ಅವನಿಗೆ ಅದರ ಅಗತ್ಯವೂ ಬೀಳಲಿಲ್ಲ. ಗುಜರಿಗೆ ಹೋಗಬೇಕಿದ್ದ ವಿಮಾನವೊಂದರಿಂದ ರೇಡಿಯೋ ಬಿಚ್ಚಿ ತಂದು ಅಂಗಡಿಯ ಕಂಬಕ್ಕೆ ಕಟ್ಟಿದವನು ಅವನೇ. ಮೇಲೆ ಹಾರುವವರೆಲ್ಲ ಒಂದೇ ಅಲೆಯಲ್ಲಿ ಮಾತಾಡುತ್ತಾರೆ. ಗೋಪುರವಿಲ್ಲದ ಕಡೆ ಅದೇ ಪದ್ಧತಿ. ನಾನು ಮೀನುಕೆರೆಯ ಮೇಲಿದ್ದೇನೆ, ನಾನು ಈಗ ತಿರುಗುತ್ತಿದ್ದೇನೆ, ನಾನು ಇಳಿಯುತ್ತಿದ್ದೇನೆ ಎಂದು ಒಬ್ಬರಿಗೊಬ್ಬರು ಹೇಳಿಕೊಂಡರೆ ಒಬ್ಬರ ಮೇಲೊಬ್ಬರು ಬೀಳುವುದಿಲ್ಲ. ರಿಪೇರಿ ಮಾಡಿದ ವಿಮಾನವನ್ನು ಪರೀಕ್ಷಿಸಲು ಸಿದ್ರೋ ಆಗಾಗ ಮೇಲೆ ಹೋಗುತ್ತಿದ್ದ. ಹೋಗುವ ಮುಂಚೆ ಹೆಂಡತಿಗೆ ಮೈಕಿನ ಗುಂಡಿ ತೋರಿಸಿ ಹೇಳಿದ್ದ: "ಮಾತಾಡ್ಬೇಡ. ತಿಂಡಿ ಆದ್ರೆ ಎರಡು ಸಲ ಒತ್ತು, ಸಾಕು. ಟಿಕ್ ಟಿಕ್ ಅಂತ ಕೇಳತ್ತೆ. ಬಂದ್ಬಿಡ್ತೀನಿ."

ಟಿಕ್ ಟಿಕ್ ಅಂದರೆ ಬರುತ್ತಿದ್ದ. ಹನ್ನೊಂದು ವರ್ಷದ ಹಿಂದೆ ಜ್ವರ ಬಂದು ಮೂರೇ ದಿನದಲ್ಲಿ ಹೋದ. ಅವನು ತೀರಿಕೊಂಡ ವಾರವೇ ಮತ್ತೆ ಅಂಗಡಿ ತೆರೆದ ಇಸ್ಯಾಂಗ್ ಮೂರು ಗಂಟೆಗೆ ಹತ್ತು ನಿಮಿಷವಿದ್ದಾಗ ಅಭ್ಯಾಸಬಲದಿಂದ ಗುಂಡಿಯನ್ನು ಎರಡು ಸಲ ಒತ್ತಿದಳು. ಒತ್ತಿದ ಮೇಲೆ ನೆನಪಾಗಿ, ಸೆರಗಿಲ್ಲದ ಊರಿನಲ್ಲಿ ಏಪ್ರನ್ನಿನಲ್ಲೇ ಮುಖ ಮುಚ್ಚಿಕೊಂಡು ಅತ್ತಳು. ಅಳು ಮುಗಿಯುವಷ್ಟರಲ್ಲಿ ನಾಲ್ಕು ವಿಮಾನ ಇಳಿದು, ಎಂಟು ಜನ ಮೇಜಿಗೆ ಬಂದು ಕೂತಿದ್ದರು. ಟಿಕ್ ಟಿಕ್ ಎಂದರೆ ಏನೆಂದು ಅಷ್ಟರಲ್ಲಾಗಲೇ ಆಕಾಶಕ್ಕೆಲ್ಲ ಗೊತ್ತಾಗಿತ್ತು. ಅಂದಿನಿಂದ ಅವಳು ಒತ್ತುವುದನ್ನು ಬಿಡಲಿಲ್ಲ. ಕರೆದರೆ ಮೇಲಿಂದ ಯಾರಾದರೂ ಬರುತ್ತಾರಲ್ಲ ಎಂಬುದೇ ಅವಳಿಗೆ ದೊಡ್ಡ ಸಮಾಧಾನವಾಗಿತ್ತು.

ಉಳಿದ ದಿನ ಹಬೆಯ ಕಡುಬೋ ಸೇವಿಗೆಯೋ ಇರುತ್ತಿತ್ತು, ಹಾರಾಟ ಕಲಿಯುವ ಹುಡುಗರು ನಿಧಾನವಾಗಿ ಬರುತ್ತಿದ್ದರು. ಬುಧವಾರ ತುರೋನ್. ಬಾಳೆಹಣ್ಣನ್ನು ಸಕ್ಕರೆಯಲ್ಲಿ ಹೊರಳಿಸಿ, ಕಾಗದದಷ್ಟು ತೆಳುವಾದ ಹಿಟ್ಟಿನ ಹಾಳೆಯಲ್ಲಿ ಸುತ್ತಿ, ಸಕ್ಕರೆ ಕರಗಿ ಕೆಂಪಗೆ ಅಂಟಿಕೊಳ್ಳುವಂತೆ ಕರಿದರೆ ತುರೋನ್. ಯಾರು ಬೇಕಾದರೂ ಮಾಡುತ್ತಾರೆ. ಆದರೆ ಇಸ್ಯಾಂಗ್ ತನ್ನ ಹಿತ್ತಲಿನ ಒಂದೇ ಮರದ ಹಲಸಿನ ತೊಳೆಗಳನ್ನು ಪಾಕದಲ್ಲಿ ಹಾಕಿ ಜಾಡಿಯಲ್ಲಿಡುತ್ತಿದ್ದಳು. ವಾರಕ್ಕೊಂದು ಜಾಡಿ. ಒಂದು ಜಾಡಿಯಲ್ಲಿ ಹನ್ನೆರಡು ತುರೋನ್‌ಗೆ ಆಗುವಷ್ಟು ತೊಳೆ. ಮೊದಲು ಬಂದ ಹನ್ನೆರಡು ಜನಕ್ಕೆ ಹಲಸಿನದು, ಆಮೇಲೆ ಬಂದವರಿಗೆ ಬರೀ ಬಾಳೆಹಣ್ಣಿನದು. ಬರೀ ಬಾಳೆಹಣ್ಣಿನದನ್ನು ತಿನ್ನುವವನ ಮುಖವನ್ನು ಹಲಸಿನದು ಸಿಕ್ಕವರು ನೋಡುವ ರೀತಿ ಇದೆಯಲ್ಲ, ಅದಕ್ಕಾಗಿಯೇ ಅರ್ಧ ಜನ ಓಡಿ ಬರುತ್ತಿದ್ದರು ಎಂದು ನನ್ನ ಅನುಮಾನ.

ಹೀಗೆ ವಾರದ ಆರು ದಿನ ಸಭ್ಯವಾಗಿ ಸುತ್ತು ಹಾಕಿ ಇಳಿಯುವ ವಿಮಾನಗಳು ಬುಧವಾರ ಎರಡು ಐವತ್ತಕ್ಕೆ ಯಾರೋ ಅಟ್ಟಿಸಿಕೊಂಡು ಬಂದಂತೆ ಬರುತ್ತಿದ್ದವು. ಎಂಟು ಗಜ ಅಂತರದಲ್ಲಿ ಹೋಯಿತು, ಹತ್ತು ಗಜದಲ್ಲಿ ತಪ್ಪಿತು ಎಂದು ತಿನ್ನುತ್ತಲೇ ನಗುತ್ತಿದ್ದರು. ಇಸ್ಯಾಂಗಳೂ ನಗುತ್ತಿದ್ದಳು. ಅದನ್ನು ಅವಳು ತನ್ನ ಕೈರುಚಿಗೆ ಸಿಕ್ಕ ಬಿರುದು ಎಂದುಕೊಂಡಿದ್ದಳು.

ಶಾಲೆಯ ಮುಖ್ಯ ಗುರು ಕ್ಯಾಪ್ಟನ್ ರೂಫೋ. ನಲವತ್ತು ವರ್ಷದ ಹಾರಾಟ, ಸ್ಟಿಯರಿಂಗಿಗೆ ತಾಗುವ ಹೊಟ್ಟೆ, ಸುತ್ತು ಬಳಸಿ ಇಳಿಯಿರಿ ಎಂದು ದಿನಕ್ಕೆ ಹತ್ತು ಸಲ ಗದರುವ ಗಂಟಲು. ಗಿರಾಕಿಗಳಲ್ಲಿ ಇಸ್ಯಾಂಗಳಿಗೆ ಅವರೆಂದರೆ ವಿಶೇಷ ಗೌರವ. ಸಿದ್ರೋ ಸತ್ತಾಗ, ಬೇಲಿಯೊಳಗೆ ತಿಂಡಿ ಅಂಗಡಿ ಏಕೆ ಎಂದು ಶಾಲೆಯವರು ತಗಾದೆ ತೆಗೆದಿದ್ದರು. ಆಗ ಕ್ಯಾಪ್ಟನ್ ಎದ್ದು ನಿಂತು, "ಆ ಅಂಗಡಿ ಹೊರಗೆ ಹೋದ್ರೆ ನನ್ನ ಕುರ್ಚಿನೂ ಅಲ್ಲೇ ಹಾಕಿ" ಅಂದಿದ್ದರು. ಅಲ್ಲಿಗೆ ಆ ಮಾತು ನಿಂತಿತು. ಅಂಥ ಉಪಕಾರವನ್ನು ನಮ್ಮ ಕಡೆಯವರು ಸಾಯುವವರೆಗೂ ಹೊರುತ್ತಾರೆ.

ಇನ್ನೊಬ್ಬಳು ಲುವಿ. ಪೂರ್ತಿ ಹೆಸರು ಲುವಾಲ್ಹಾತಿ. ಮೀನುಕೆರೆ ಕಾಯುವವನ ಮಗಳು. ಮಗುವಾಗಿದ್ದಾಗ ಚರ್ಚಿನಲ್ಲಿ ಅವಳಿಗೆ ನೀರು ಚಿಮುಕಿಸಿ ಹೆಸರಿಡುವಾಗ ಎತ್ತಿಕೊಂಡು ನಿಂತವಳು ಇಸ್ಯಾಂಗ್, ಹಾಗಾಗಿ ಅವಳಿಗೆ ನಿನಾಂಗ್, ಧರ್ಮದ ತಾಯಿ. ಇಡೀ ಜಿಲ್ಲೆಗೆ ಒಂದೇ ಇದ್ದ ವಿದ್ಯಾರ್ಥಿವೇತನ ಗೆದ್ದು ಈ ಶಾಲೆ ಸೇರಿದ್ದಳು. ಅದು ತಪ್ಪಿದರೆ ಇನ್ನೊಂದಿಲ್ಲ. ಈ ಕತೆ ನಡೆದ ಮಾರ್ಚಿನ ಆ ಬುಧವಾರ ಅವಳು ಒಬ್ಬಳೇ ಹಾರಲು ಶುರು ಮಾಡಿ ಬರೀ ಎರಡು ವಾರವಾಗಿತ್ತು.

ಅಂದು ಇಸ್ಯಾಂಗ್ ಮೊದಲ ಒಬ್ಬೆ ಎಣ್ಣೆಗೆ ಬಿಟ್ಟು, ಗುಂಡಿಯನ್ನು ಎರಡು ಸಲ ಒತ್ತಿ, ಸೌಟು ಹಿಡಿದು ಆಕಾಶ ನೋಡಿದಳು. ರೇಡಿಯೋ ಸಂತೆಯಾಗಿತ್ತು. ನಾನಿಲ್ಲಿ, ನಾನಲ್ಲಿ, ನಾನು ಮೊದಲು. ಅದರ ನಡುವೆ ಲುವಿಯ ಸಣ್ಣ ದನಿ, ಪಾಠ ಒಪ್ಪಿಸುವ ಹಾಗೆ, ತಾನೆಲ್ಲಿ ತಿರುಗುತ್ತಿದ್ದೇನೆ ಎಂದು ಒಂದೊಂದೇ ಹೇಳುತ್ತಿತ್ತು. ಅವಳ ವಿಮಾನ ನಿಯಮದಂತೆ ಪೂರ್ತಿ ಸುತ್ತು ಹಾಕಿ, ರನ್‌ವೇಗೆ ನೇರವಾಗಿ ಇಳಿಯತೊಡಗಿತು. ಆಗ ಇಸ್ಯಾಂಗಳ ಕಿವಿಗೆ ಇನ್ನೊಂದು ಇಂಜಿನ್ ಬಿತ್ತು. ಅದು ಕ್ಯಾಪ್ಟನ್ ರೂಫೋರದು. ರೇಡಿಯೋದಲ್ಲಿ ಅವರು ಸೊಲ್ಲೆತ್ತಿರಲಿಲ್ಲ, ಸುತ್ತೂ ಹಾಕಿರಲಿಲ್ಲ. ಮೀನುಕೆರೆಯ ಮೇಲಿಂದ ಮೂಗಿನ ನೇರಕ್ಕೆ, ಲುವಿಯ ನೆತ್ತಿಯ ಮೇಲೆ ಇಳಿಯುತ್ತಿದ್ದರು.

ಲುವಿಯದು ರೆಕ್ಕೆ ಮೇಲಿರುವ ವಿಮಾನ, ಒಳಗೆ ಕೂತವರಿಗೆ ತಲೆಯ ಮೇಲೆ ಏನಿದೆ ಕಾಣುವುದಿಲ್ಲ. ಕ್ಯಾಪ್ಟನ್‌ರದು ರೆಕ್ಕೆ ಕೆಳಗಿರುವ ವಿಮಾನ, ಅವರಿಗೆ ಕಾಲ ಕೆಳಗೆ ಏನಿದೆ ಕಾಣುವುದಿಲ್ಲ. ಇಬ್ಬರೂ ನೆಮ್ಮದಿಯಾಗಿ ಒಂದೇ ಜಾಗಕ್ಕೆ ಇಳಿಯುತ್ತಿದ್ದರು. ಕೆಳಗೆ ನಿಂತ ಇಸ್ಯಾಂಗಳೊಬ್ಬಳಿಗೇ ಎರಡೂ ಕಾಣುತ್ತಿದ್ದವು. ಸೌಟು ಬಿಟ್ಟು ಮೈಕು ಹಿಡಿದಳು. ಐವತ್ತೆಂಟು ವರ್ಷದಲ್ಲಿ ಮೊದಲ ಸಲ ಆ ಬಾಯಿ ಕೈಕೊಟ್ಟಿತು.

ಉಳಿಸಿದ್ದು ನೆರಳು. ರನ್‌ವೇ ಮೇಲೆ ತನ್ನ ವಿಮಾನದ ನೆರಳಿನ ಹಿಂದೆ ಇನ್ನೊಂದು ನೆರಳು ಓಡಿಬರುವುದನ್ನು ಲುವಿ ಕಂಡಳು. ಏನು ಎತ್ತ ಎಂದು ಕೇಳದೆ ಬಲಕ್ಕೆ ಹೊರಳಿದಳು. ಕ್ಯಾಪ್ಟನ್‌ರ ಚಕ್ರಗಳು ಅವಳ ಎಡರೆಕ್ಕೆಯನ್ನು ಸವರಲು ಒಂದು ಬಿದಿರಿನಷ್ಟೇ ಬಾಕಿಯಿತ್ತು. ಕ್ಯಾಪ್ಟನ್ ಏನೂ ಅರಿಯದೆ ಇಳಿದು, ಬೆವರು ಒರೆಸಿಕೊಳ್ಳುತ್ತ ಬಂದು, "ಹಲಸಿಂದು ಇದೆ ತಾನೆ?" ಎಂದು ಕೇಳಿದರು. ಇಸ್ಯಾಂಗ್ ತಟ್ಟೆ ಮುಂದಿಟ್ಟಳು. ಲುವಿ ಮತ್ತೊಂದು ಸುತ್ತು ಹಾಕಿ ಇಳಿದು, ವಿಮಾನದೊಳಗೇ ಅರ್ಧ ಗಂಟೆ ಕೂತಿದ್ದಳು.

ಮಾತು ಅಲ್ಲಿಗೇ ಮುಗಿಯುತ್ತಿತ್ತೇನೋ. ಆದರೆ ರನ್‌ವೇ ತುದಿಯಲ್ಲಿ ಪರವೂರಿನ ವಿಮಾನವೊಂದು ಹೊರಡಲು ಕಾದು ನಿಂತಿತ್ತು. ಅದರ ಪೈಲಟ್ ಇದನ್ನೆಲ್ಲ ನೋಡಿ ರಾಜಧಾನಿ ಮನಿಲಾದ ವಿಮಾನ ಇಲಾಖೆಗೆ ವರದಿ ಬರೆದ. ಮುಂದಿನ ಬುಧವಾರವೇ ತನಿಖಾಧಿಕಾರಿ ಬಾರೋಗಾ ಬಂದಿಳಿದರು, ಬಸ್ಸಿನಲ್ಲಿ. ಸಣಕಲು ಮನುಷ್ಯ. ಸಕ್ಕರೆ ಕಾಯಿಲೆ ಇದೆ, ಸಿಹಿ ತೋರಿಸಲೇಬೇಡಿ ಎಂದು ಬಂದವರೇ ಘೋಷಿಸಿದರು.

ತಿಂಡಿಯಿಲ್ಲದೆ ಸಭೆ ನಡೆಸುವುದು ನಮ್ಮಲ್ಲಿ ಸಾವಿನ ಮನೆಯಲ್ಲೂ ಇಲ್ಲ. ಹಾಗಾಗಿ ಎರಡೂವರೆಗೆ ಇಸ್ಯಾಂಗ್ ದೊಡ್ಡ ತಟ್ಟೆ ಹೊತ್ತು ಹ್ಯಾಂಗರಿನ ಪಕ್ಕದ ಕೋಣೆಗೆ ಹೋದಳು. ಒಳಗೆ ಬಾರೋಗಾ ಬರೆಯುತ್ತಿದ್ದರು. ಒಂದು ಕಡೆ ಕ್ಯಾಪ್ಟನ್, ಇನ್ನೊಂದು ಕಡೆ ಲುವಿ. ಲುವಿ ಕುರ್ಚಿಯ ತುದಿಯಲ್ಲಿ ಕೂತಿದ್ದಳು.

"ಕ್ಯಾಪ್ಟನ್, ನೇರವಾಗಿ ಇಳೀತಿದೀನಿ ಅಂತ ರೇಡಿಯೋದಲ್ಲಿ ಹೇಳಿದ್ರಾ?"

"ಹೇಳ್ದೆ," ಅಂದರು ಕ್ಯಾಪ್ಟನ್. ತಟ್ಟೆಯ ಕಡೆ ನೋಡಲಿಲ್ಲ. ಅವರು ತಟ್ಟೆಯ ಕಡೆ ನೋಡದೇ ಇದ್ದುದನ್ನು ಇಸ್ಯಾಂಗ್ ಕಂಡದ್ದು ಅದೇ ಮೊದಲು.

"ನೀವು ಕೇಳಿಸ್ಕೊಂಡ್ರೇನಮ್ಮ?"

ಲುವಿ ಒಮ್ಮೆ ಕ್ಯಾಪ್ಟನ್‌ರನ್ನು ನೋಡಿದಳು. ಹಾರಲು ಕಲಿಸಿದ ಗುರು. ದೊಡ್ಡವರ ಮುಖಕ್ಕೆ ನೀವು ಹೇಳಿದ್ದು ಸುಳ್ಳು ಎನ್ನುವುದು ಅವಳಿಂದಾಗುವ ಕೆಲಸವಲ್ಲ. "ಹೇಳಿರಬಹುದು ಸಾರ್," ಅಂದಳು. "ನಂಗೇ ಕೇಳಿಸಿಲ್ಲ ಅನ್ಸತ್ತೆ."

"ಅಂದ್ರೆ ಗಮನ ಇರಲಿಲ್ಲ," ಎಂದು ಬಾರೋಗಾ ಬರೆದುಕೊಂಡರು. "ಒಬ್ಬಳೇ ಹಾರೋಕೆ ಬಿಟ್ಟಿದ್ದು ಬೇಗ ಆಯ್ತು. ಇಂಥವರನ್ನ ಮುಂದುವರಿಸೋದು ಕಷ್ಟ."

ಬಾಯಿ ಬಿಟ್ಟರೆ ಏನೇನು ಹೋಗುತ್ತದೆ ಎಂದು ಇಸ್ಯಾಂಗಳಿಗೆ ಚೆನ್ನಾಗಿ ಗೊತ್ತಿತ್ತು. ಅನ್ನಕ್ಕೆ ದಾರಿಯಾದ ಮನುಷ್ಯನ ಮಾನ ಹೋಗುತ್ತದೆ. ಹೇಗೆ ಗೊತ್ತು ಎಂದು ಕೇಳಿದರೆ ಕಂಬದ ರೇಡಿಯೋ ತೋರಿಸಬೇಕು, ರೇಡಿಯೋ ತೋರಿಸಿದರೆ ಟಿಕ್ ಟಿಕ್ ಹೇಳಬೇಕು, ಆಮೇಲೆ ಅದನ್ನು ಯಾರು ಬಿಡುತ್ತಾರೆ? ಸಿದ್ರೋ ಅವಳಿಗೆಂದು ಕಟ್ಟಿಕೊಟ್ಟದ್ದು ಅದೊಂದೇ. ಬಾಯಿ ಬಿಡದಿದ್ದರೆ ಹುಡುಗಿ ಹೋಗುತ್ತಾಳೆ. ತಟ್ಟೆಯನ್ನು ಮೇಜಿನ ಮೇಲೆ ಕುಕ್ಕಿದಳು.

"ಹೇಳಿಲ್ಲ ಸಾರ್."

"ಏನು ಹೇಳಿಲ್ಲ?"

"ಕ್ಯಾಪ್ಟನ್ ರೇಡಿಯೋದಲ್ಲಿ ಏನೂ ಹೇಳಿಲ್ಲ. ಹುಡುಗಿ ನಾಲ್ಕು ಸಲ ಹೇಳಿದ್ಲು. ಇವರು ಒಂದು ಸಲಾನೂ ಇಲ್ಲ. ಬಾಯಲ್ಲಿ ನೀರು ತುಂಬಿತ್ತೇನೋ, ಮಾತು ಹೊರಡಲಿಲ್ಲ."

"ನೀವ್ಯಾರಮ್ಮ?"

"ನಾನು ತಪ್ಪು ಮಾಡ್ದೋಳು," ಅಂದಳು ಇಸ್ಯಾಂಗ್. "ಕರೆಯೋದು ನಾನೇ ಸಾರ್. ಹಲಸಿನಹಣ್ಣು ಹನ್ನೆರಡಕ್ಕೇ ಇರೋದು. ಎಲ್ಲಾ ನುಗ್ತಾರೆ."

ಬಾರೋಗಾ ಪೆನ್ನು ಕೆಳಗಿಟ್ಟರು. ಹಕ್ಕಿ, ಹವೆ, ಇಂಜಿನ್ನು, ಇಂಧನ, ಎಲ್ಲಕ್ಕೂ ಅವರ ನಮೂನೆಯಲ್ಲಿ ಖಾನೆಯಿತ್ತು. ಹಲಸಿನಹಣ್ಣಿಗೆ ಇರಲಿಲ್ಲ. "ನಂಬೋ ಮಾತು ಹೇಳಿ," ಅಂದರು.

"ಬನ್ನಿ, ತೋರಿಸ್ತೀನಿ."

ಎಲ್ಲರೂ ಅಂಗಡಿಗೆ ಬಂದರು. ಗಂಟೆ ಎರಡು ನಲವತ್ತೊಂಬತ್ತು. ಆಕಾಶದಲ್ಲಿ ಹತ್ತಿರ ಯಾರೂ ಇರಲಿಲ್ಲ. ಬಾರೋಗಾ ಸುತ್ತ ನೋಡಿ, "ಒತ್ತಿ," ಅಂದರು.

"ಬೇಡ ಸಾರ್. ಇವತ್ತೂ ಬುಧವಾರ."

"ಒತ್ತಿ ಅಂದ್ನಲ್ಲ!"

ಇಸ್ಯಾಂಗ್ ಶಿಲುಬೆಯ ಗುರುತು ಹಾಕಿಕೊಂಡು ಒತ್ತಿದಳು. ಟಿಕ್ ಟಿಕ್.

ಮೊದಲು ಬೆಟ್ಟದ ಕಡೆಯಿಂದ ಒಂದು ಚುಕ್ಕೆ ತಿರುಗಿತು. ಆಮೇಲೆ ಹೊಳೆಯ ಕಡೆಯಿಂದ ಎರಡು. ಮೋಡದ ಹಿಂದೆ ಒಂದು ಇದ್ದದ್ದು ಯಾರಿಗೂ ಗೊತ್ತೇ ಇರಲಿಲ್ಲ. ಅದೂ ಹೊರಬಿತ್ತು. ಒಂದೇ ನಿಮಿಷದಲ್ಲಿ ಏಳು ವಿಮಾನ ಏಳು ದಿಕ್ಕಿನಿಂದ ಅಂಗಡಿಗೆ ಮೂಗು ಮಾಡಿದ್ದವು. ಬಾರೋಗಾ ಬೆರಳು ಮಡಚಿ ಎಣಿಸುತ್ತಿದ್ದವರು ಐದಕ್ಕೆ ಬೆರಳು ಬಿಟ್ಟು ಮೈಕು ಕಿತ್ತುಕೊಂಡರು. "ಎಲ್ಲಾ ಇದ್ದಲ್ಲೇ ನಿಲ್ಲಿ! ಇದ್ದಲ್ಲೇ!"

"ವಿಮಾನಕ್ಕೆ ಇದ್ದಲ್ಲೇ ನಿಲ್ಲಕ್ಕೆ ಬರಲ್ಲ ಸಾರ್," ಅಂದಳು ಲುವಿ, ಮೆಲ್ಲಗೆ, ಗೌರವದಿಂದ.

ಅವರನ್ನೆಲ್ಲ ಒಬ್ಬೊಬ್ಬರಾಗಿ ಇಳಿಸುವಷ್ಟರಲ್ಲಿ ಬಾರೋಗಾರ ಅಂಗಿ ಬೆನ್ನಿಗೆ ಅಂಟಿತ್ತು. ಕುಸಿದು ಕೂತವರು ಯೋಚಿಸದೆ ಕೈಗೆ ಸಿಕ್ಕಿದ್ದನ್ನು ಬಾಯಿಗೆ ಹಾಕಿಕೊಂಡರು. ಸಿಕ್ಕಿದ್ದು ತುರೋನ್. ಕಾಯಿಲೆ ನೆನಪಾದದ್ದು ಮೂರನೆಯದಕ್ಕೆ.

ತೀರ್ಪು ಅಂದೇ ಬರೆದರು. ಲುವಿಯ ತಪ್ಪಿಲ್ಲ. ಕ್ಯಾಪ್ಟನ್ ಒಂದು ತಿಂಗಳು ಹಾರುವಂತಿಲ್ಲ. ಅಂಗಡಿ ಇರಲಿ, ರೇಡಿಯೋ ಬಿಚ್ಚಬೇಕು. ಕ್ಯಾಪ್ಟನ್ ಕಾಗದಕ್ಕೆ ಸಹಿ ಹಾಕಿ ಎದ್ದು ಹೋದರು. ಸಂಜೆ ಇಸ್ಯಾಂಗ್ ತಾನೇ ಕತ್ತರಿ ತೆಗೆದುಕೊಂಡು ಕಂಬದ ತಂತಿ ಬಿಡಿಸಿದಳು, ಬೇರೆಯವರ ಕೈ ತಾಗುವುದು ಅವಳಿಗೆ ಬೇಕಿರಲಿಲ್ಲ. ರೇಡಿಯೋವನ್ನು ಸಿದ್ರೋನ ಅಂಗಿಯಲ್ಲಿ ಸುತ್ತಿ ಮನೆಗೆ ಒಯ್ದಳು. ಆ ರಾತ್ರಿ ಊಟ ಸೇರಲಿಲ್ಲ.

ಕ್ಯಾಪ್ಟನ್ ಅಂಗಡಿಗೆ ಬರುವುದನ್ನು ಬಿಡಲಿಲ್ಲ. ಕೋಪ ಬೇರೆ, ಹೊಟ್ಟೆ ಬೇರೆ. ಆದರೆ ಅವಳೊಡನೆ ಮಾತು ಬಿಟ್ಟರು. ಬೆಂಚಿನ ಮೇಲೆ ಪಕ್ಕಕ್ಕೆ ತಿರುಗಿ ಕೂತು, ಬೇಕಾದ ತಿಂಡಿಯ ಕಡೆ ತುಟಿ ಚಾಚಿ ತೋರಿಸುವರು. ಇಸ್ಯಾಂಗಳೂ ಬಿಡಲಿಲ್ಲ, ಎಷ್ಟು ಬೇಕು ಎಂದು ಬೆರಳಿನಲ್ಲೇ ಕೇಳುವಳು. ಹಾರಲಾಗದ ಕ್ಯಾಪ್ಟನ್ ಕೈರೇಡಿಯೋ ಒಂದನ್ನು ಕಿವಿಗೆ ಹಿಡಿದು, ಮೇಲಿರುವವರು ಮಾತಾಡುವುದನ್ನು ಕೇಳುತ್ತ ಸಂಜೆಯವರೆಗೂ ಕೂತಿರುತ್ತಿದ್ದರು.

ಈ ನಡುವೆ ಇಸ್ಯಾಂಗ್ ತಲೆ ಓಡಿಸಿದಳು. ಅಲ್ಲೇ ಎಡವಿದ್ದು. ಮೊದಲು ಬಂದವರಿಗೆ ಹಲಸು ಎನ್ನುವುದರಿಂದ ತಾನೆ ನುಗ್ಗುವುದು? ಅದನ್ನೇ ತಿರುಗಿಸಿದರೆ? ಹಲಗೆಯ ಮೇಲೆ ದಪ್ಪಕ್ಷರದಲ್ಲಿ ಬರೆಸಿ ನೇತು ಹಾಕಿದಳು: ಇನ್ನು ಮೇಲೆ ಬುಧವಾರ ಕೊನೆಗೆ ಇಳಿದವರಿಗೇ ಹಲಸಿನ ತುರೋನ್. ಬರೆಸಿದ ಮೇಲೆ ನಾಲ್ಕು ಹೆಜ್ಜೆ ಹಿಂದೆ ಹೋಗಿ ನಿಂತು ಓದಿದಳು. ತಾನು ಮನಿಲಾದಲ್ಲಿರಬೇಕಿತ್ತು ಎಂದು ಅವಳಿಗೆ ಅನ್ನಿಸಿದ್ದು ಸುಳ್ಳಲ್ಲ.

ಬುಧವಾರ ಬಂತು. ಲುವಿ ಮತ್ತೆ ಒಬ್ಬಳೇ ಹಾರಿದ ಮೊದಲ ದಿನ. ಎರಡು ಐವತ್ತಾಯಿತು, ಮೂರಾಯಿತು. ಏಳೂ ವಿಮಾನಗಳು ಸಭ್ಯವಾಗಿ ಬಂದವು. ಬಂದವು, ಸುತ್ತು ಹಾಕಿದವು, ಮತ್ತೆ ಸುತ್ತು ಹಾಕಿದವು. ಯಾವುದೂ ಇಳಿಯಲೊಲ್ಲದು. ಒಬ್ಬ ಇಳಿಯುವ ಹಾಗೆ ಮಾಡಿ ಮೇಲೆದ್ದ. ಹಿಂದಿನವನು ಅದನ್ನು ನಂಬದೆ ತಾನೂ ಮೇಲೆದ್ದ. ಒಂದೇ ಪುಟ್ಟ ನಿಲ್ದಾಣದ ನೆತ್ತಿಯ ಮೇಲೆ ಏಳು ವಿಮಾನ, ನೀನು ಮೊದಲು ನೀನು ಮೊದಲು ಎನ್ನುತ್ತ ಗಿರಗಿರ ತಿರುಗತೊಡಗಿದವು. ಸುತ್ತು ಕಿರಿದಾಗುತ್ತ ಬಂತು. ಅವುಗಳ ನಡುವೆ ಲುವಿ, ಎಲ್ಲಿ ನುಸುಳಿದರೂ ಮುಂದೊಂದು ಬಾಲ, ಹಿಂದೊಂದು ಮೂಗು.

ಬಾಣಲೆಯನ್ನು ಹಾಗೇ ಬಿಟ್ಟು ಇಸ್ಯಾಂಗ್ ಆಕಾಶ ನೋಡಿದಳು. ಮೊದಲ ಸಲ ಗೊತ್ತಿಲ್ಲದೆ ಮಾಡಿದ್ದಳು. ಈಗ ದಪ್ಪಕ್ಷರದಲ್ಲಿ ಬರೆಸಿ ಮಾಡಿದ್ದಳು. ಕೈ ತಾನಾಗಿ ಕಂಬದ ಕಡೆ ಹೋಯಿತು, ಅಲ್ಲಿ ಬರೀ ಮೊಳೆಯಿತ್ತು. ಬೆಂಚಿನ ಕಡೆ ತಿರುಗಿದಳು. ಕ್ಯಾಪ್ಟನ್ ಆಗಲೇ ಎದ್ದು ನಿಂತಿದ್ದರು.

"ಏನ್ ಮಾಡ್ದೆ ಮಾರಾಯ್ತಿ ಈಗ?"

"ಬೈಯೋದು ಆಮೇಲೆ ಬೈಯಿರಿ ಕ್ಯಾಪ್ಟನ್, ಮೊದಲು ಇಳಿಸಿ! ಮಗು ಅಲ್ಲಿದೆ!"

ಕ್ಯಾಪ್ಟನ್ ಬಿಸಿಲಿಗೆ ಬಂದು ಕೈರೇಡಿಯೋ ಬಾಯಿಗಿಟ್ಟರು. ಕಣ್ಣಿಗೆ ಕೈ ಅಡ್ಡ ಹಿಡಿದು ಮೇಲೆ ನೋಡಿದರು. ದನಿಯಲ್ಲಿ ಗದರಿಕೆ ಇರಲಿಲ್ಲ. "ಎಲ್ಲಾ ಕೇಳಿ. ರೂಫೋ ಮಾತಾಡ್ತಿರೋದು. ಯಾರೂ ತಾವಾಗಿ ತಿರುಗಬೇಡಿ. ಲುವಿ, ನೀನು ನೇರ ಹೋಗು, ಮೀನುಕೆರೆ ದಾಟಿ ಹೋಗು. ನಾನು ಕರೆಯೋವರೆಗೂ ಹಿಂದೆ ನೋಡಬೇಡ."

"ಹೂಂ ಸಾರ್," ಎಂದಿತು ಸಣ್ಣ ದನಿ. ಅವಳ ವಿಮಾನ ಗುಂಪಿನಿಂದ ಬೇರೆಯಾಗಿ ಕೆರೆಗಳ ಕಡೆ ಹೊರಟಿತು. ಅಷ್ಟು ಜಾಗವಾದ ಮೇಲೆ ಕ್ಯಾಪ್ಟನ್ ಉಳಿದವರನ್ನು ಒಬ್ಬೊಬ್ಬರನ್ನಾಗಿ ಹೆಸರು ಹಿಡಿದು ಕೆಳಗೆ ತಂದರು. ಇಸ್ಯಾಂಗ್ ಪಕ್ಕದಲ್ಲಿ ನಿಂತು, ಯಾವುದು ಎಲ್ಲಿದೆ ಎಂದು ಇಂಜಿನ್ ಸದ್ದಿನಿಂದಲೇ ಹೇಳಿಕೊಟ್ಟಳು. "ಬೆನ್ನ ಹಿಂದೆ ಒಂದಿದೆ ಕ್ಯಾಪ್ಟನ್, ಕೆಮ್ಮೋ ಇಂಜಿನ್ನು... ಆ ನೀಲಿದು ಹತ್ತಿರ ಬಂತು." ಏಳೂ ಇಳಿಯಲು ಇಪ್ಪತ್ತೈದು ನಿಮಿಷ ಹಿಡಿಯಿತು. ಇಳಿದವರು ತಲೆ ತಗ್ಗಿಸಿ ಬಂದು ಬರೀ ಬಾಳೆಹಣ್ಣಿನದನ್ನು ತಿಂದರು, ಯಾರೂ ಯಾರ ಮುಖವನ್ನೂ ನೋಡಲಿಲ್ಲ.

"ಈಗ ಬಾ ಮಗಳೇ," ಅಂದರು ಕ್ಯಾಪ್ಟನ್.

ಆಕಾಶ ಖಾಲಿಯಿತ್ತು. ಆದರೂ ಲುವಿ ಪೂರ್ತಿ ಸುತ್ತು ಹಾಕಿದಳು. ಪ್ರತಿ ತಿರುವಿನಲ್ಲೂ ತಾನೆಲ್ಲಿದ್ದೇನೆ ಎಂದು ಯಾರೂ ಇಲ್ಲದ ಆಕಾಶಕ್ಕೆ ಹೇಳಿದಳು. ಚಕ್ರ ನೆಲ ಮುಟ್ಟಿದ ಮೇಲೆ ಇಸ್ಯಾಂಗ್ ಅಂಗಡಿಗೆ ಹೋಗಿ ಹಲಗೆಯನ್ನು ಕಿತ್ತು ಒಲೆಯ ಹಿಂದೆ ಎಸೆದಳು. ಹಲಸಿನ ತುರೋನ್ ತಟ್ಟೆಯಲ್ಲಿ ಒಂದೇ ಇತ್ತು. ಗಾಬರಿಯಲ್ಲಿ ಉಳಿದವನ್ನೆಲ್ಲ ಬಾಣಲೆಯಲ್ಲೇ ಬಿಟ್ಟು ಸೀಯಿಸಿದ್ದಳು.

ಲುವಿ ಬಂದು ಬೆಂಚಿನಲ್ಲಿ ಕೂತಳು. ಕ್ಯಾಪ್ಟನ್ ಇನ್ನೊಂದು ತುದಿಯಲ್ಲಿದ್ದರು. ಇಸ್ಯಾಂಗ್ ತಟ್ಟೆಯನ್ನು ಹುಡುಗಿಯ ಮುಂದಿಟ್ಟು, ಅವಳ ಬೆವರಿದ ಹಣೆಯನ್ನು ಏಪ್ರನ್ನಿನಿಂದ ಒರೆಸಿದಳು. ಬೈಯಬೇಕು, ಅಪ್ಪಿಕೊಳ್ಳಬೇಕು ಎಂದು ಎರಡೂ ಅನ್ನಿಸಿ, ಎರಡೂ ಆಗದೆ ಅಲ್ಲೇ ನಿಂತಳು. ಲುವಿ ತುರೋನನ್ನು ಮಧ್ಯಕ್ಕೆ ಮುರಿದಳು. ಒಳಗಿನ ಹಲಸಿನ ತೊಳೆ ಒಂದು ಕಡೆಗೇ ಹೋಗಿತ್ತು. ಆ ತುಂಡನ್ನು ಕ್ಯಾಪ್ಟನ್‌ರ ಕಡೆ ಚಾಚಿದಳು.

ಕ್ಯಾಪ್ಟನ್ ತೆಗೆದುಕೊಂಡರು. ಬಾಯಿಗಿಡಲಿಲ್ಲ. ಆಮೇಲೆ, ಕಾಗದಕ್ಕೆ ಸಹಿ ಹಾಕುವಾಗಲೂ ಬಾರದ ಮಾತು ಬಂತು.

"ಅವತ್ತು ನಾನು ರೇಡಿಯೋದಲ್ಲಿ ಏನೂ ಹೇಳಿರಲಿಲ್ಲ, ಮಗಳೇ."

"ಗೊತ್ತು ಸಾರ್," ಅಂದಳು ಲುವಿ. "ತಿನ್ನಿ, ಆರಿ ಹೋಗ್ತಿದೆ."